0.35 ದೊಡ್ಡದೋ, 0.8 ದೊಡ್ಡದೋ?

ದಶಮಾಂಶ ಹೊಸದಾಗಿ ಕಲಿತ ಮಕ್ಕಳನ್ನು ಕೇಳಿ ನೋಡಿ, 0.35 ದೊಡ್ಡದು ಎನ್ನುವವರು ಸಿಕ್ಕೇ ಸಿಗುತ್ತಾರೆ. ಎಂಟಕ್ಕಿಂತ ಮೂವತ್ತೈದು ದೊಡ್ಡದಲ್ಲವೇ? ಈ ತಪ್ಪಿಗೆ ದೊಡ್ಡವರು ಓದುವ ರೀತಿಯೂ ನೀರೆರೆಯುತ್ತದೆ. 'ಸೊನ್ನೆ ಪಾಯಿಂಟ್ ಮೂವತ್ತೈದು' ಎಂದೊಡನೆ ಮಗುವಿನ ತಲೆಯಲ್ಲಿ 35 ಕೂತುಬಿಡುತ್ತದೆ. 0.35 ಎಂದರೆ ನೂರರಲ್ಲಿ ಮೂವತ್ತೈದು, 0.8 ಎಂದರೆ ಹತ್ತರಲ್ಲಿ ಎಂಟು ಎಂಬುದು ಮರೆತೇ ಹೋಗುತ್ತದೆ. 'ಪಾಯಿಂಟ್ ಮೂರು ಐದು' ಎಂದು ಬಿಡಿಬಿಡಿಯಾಗಿ ಓದಿಸುವುದು ಮೇಲು.

0.6, 0.58, 0.605, 0.065 ಇವನ್ನು ಏರಿಕೆ ಕ್ರಮದಲ್ಲಿ ಬರೆಯಬೇಕು ಎನ್ನಿ. ಬಿಂದುವಿನ ಕೆಳಗೆ ಬಿಂದು ಬರುವಂತೆ ಒಂದರ ಕೆಳಗೊಂದು ಬರೆದು, ಬಲತುದಿಗೆ ಸೊನ್ನೆ ಸೇರಿಸಿ ಎಲ್ಲವನ್ನೂ ಮೂರು ಸ್ಥಾನಕ್ಕೆ ತನ್ನಿ:

0.600
0.580
0.605
0.065

ಈಗ ಎಡದಿಂದ ನೋಡುತ್ತ ಬನ್ನಿ. ಪೂರ್ಣಾಂಕ ಎಲ್ಲಕ್ಕೂ 0. ಬಿಂದುವಿನ ನಂತರದ ಮೊದಲ ಸ್ಥಾನ ದಶಾಂಶ, ಎರಡನೆಯದು ಶತಾಂಶ, ಮೂರನೆಯದು ಸಹಸ್ರಾಂಶ. ದಶಾಂಶ ಸ್ಥಾನದಲ್ಲಿ 0 ಇರುವ 0.065 ಎಲ್ಲಕ್ಕಿಂತ ಚಿಕ್ಕದು, 5 ಇರುವ 0.58 ಅದರ ನಂತರದ್ದು. ಅದರ ಶತಾಂಶದಲ್ಲಿ 8 ಇದ್ದರೂ ಲೆಕ್ಕಕ್ಕಿಲ್ಲ. ವ್ಯತ್ಯಾಸ ಮೊದಲು ಕಂಡ ಸ್ಥಾನದಲ್ಲೇ ತೀರ್ಮಾನ ಮುಗಿಯಿತು. ಉಳಿದೆರಡು ಶತಾಂಶದವರೆಗೂ ಸಮ, ಸಹಸ್ರಾಂಶದಲ್ಲಿ 0.605 ಮುಂದೆ. ಹಾಗಾಗಿ 0.065, 0.58, 0.6, 0.605.

ಸೊನ್ನೆಯನ್ನು ಬಿಂದುವಿನ ಪಕ್ಕದಲ್ಲೇ ತುರುಕಿ 0.6 ಅನ್ನು 0.06 ಮಾಡುವವರೂ ಉಂಟು. ಅಂಥವರಿಗೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ತೋರಿಸಿ. ಕಿಲೋದಲ್ಲಿ ಮೂರು ಸ್ಥಾನ ತೋರಿಸುವ ತಕ್ಕಡಿಯಲ್ಲಿ 0.600 ಎಂದರೆ 600 ಗ್ರಾಂ, 0.060 ಎಂದರೆ ಬರೀ 60. ಮೇಲಿನ ನಾಲ್ಕು ಸಂಖ್ಯೆಗಳೂ 600, 580, 605, 65 ಗ್ರಾಂ ಆದಾಗ ಯಾರಿಗೂ ಗೊಂದಲವಿಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಒಂದಿದೆ. ಶತಾಂಶ ದಶಾಂಶಕ್ಕಿಂತ ಚಿಕ್ಕದು ಎಂದು ಕಲಿತ ಕೆಲವರು, ಅಂಕಿ ಹೆಚ್ಚಿದ್ದರೆ ಬೆಲೆ ಕಡಿಮೆ ಎಂದುಕೊಂಡು 0.45ಕ್ಕಿಂತ 0.3 ದೊಡ್ಡದು ಎನ್ನುತ್ತಾರೆ. ತಮಾಷೆಯೆಂದರೆ, 0.35 ಮತ್ತು 0.8ರ ಪ್ರಶ್ನೆಗೆ ಇವರ ಉತ್ತರ ಸರಿಯಾಗಿಯೇ ಬರುತ್ತದೆ! ಆದ್ದರಿಂದ ಎರಡೂ ಜೋಡಿ ಕೇಳಬೇಕು. 0.35, 0.82ರಂಥ ಸಮ ಉದ್ದದ ಜೋಡಿಯಲ್ಲಿ ಎರಡು ತಪ್ಪೂ ಸಿಕ್ಕಿಬೀಳುವುದಿಲ್ಲ.

ಕ್ರಿಕೆಟ್‌ನ 19.4 ಓವರ್ ಮಾತ್ರ ಈ ಪಾಠಕ್ಕೆ ಬೇಡ. ಅಲ್ಲಿ ಬಿಂದುವಿನ ನಂತರದ್ದು ಚೆಂಡುಗಳ ಎಣಿಕೆ, ಆರಕ್ಕೆ ಒಂದು ಓವರ್. ಅದು ದಶಮಾಂಶವೇ ಅಲ್ಲ.

ಅಥ್ಲೆಟಿಕ್ಸ್ ವಾಸಿ. ಟೋಕಿಯೊ ಒಲಿಂಪಿಕ್ಸ್‌ನ ಜಾವೆಲಿನ್‌ನಲ್ಲಿ ನೀರಜ್ ಚೋಪ್ರಾ ಎಸೆತ 87.58 ಮೀಟರ್, ಎರಡನೆಯವರದು 86.67. ಬಿಂದುವಿನ ನಂತರ 58ಕ್ಕಿಂತ 67 ದೊಡ್ಡದಾಗಿ ಕಂಡರೂ 87, 86ರಲ್ಲೇ ಚಿನ್ನ ನಿರ್ಧಾರವಾಗಿದೆ. 1984ರ ಲಾಸ್ ಏಂಜಲೀಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಹಾಗಾಗಲಿಲ್ಲ. ಕಂಚು ಗೆದ್ದವರ ಸಮಯ 55.41 ಸೆಕೆಂಡ್, ಪಿ.ಟಿ. ಉಷಾ ಅವರದು 55.42. ಐದು, ಐದು, ನಾಲ್ಕು: ಈ ಮೂರು ಅಂಕಿಗಳೂ ಸಮ. ಶತಾಂಶ ಸ್ಥಾನದವರೆಗೆ ಹೋಗಲೇಬೇಕು. ಓಟದಲ್ಲಿ ಚಿಕ್ಕ ಸಂಖ್ಯೆಯೇ ಮುಂದು, ಆದ್ದರಿಂದ ಪದಕದ ಪಟ್ಟಿ ಏರಿಕೆ ಕ್ರಮದಲ್ಲಿರುತ್ತದೆ. ಜಾವೆಲಿನ್‌ನದು ಇಳಿಕೆ ಕ್ರಮದಲ್ಲಿ.