ಹಾಯಿಯ ಮೇಲೆ ಹೊರಿಸಿದ ದೂರು

ಮೈಸೂರಿನ ಹೊರಗಿನ ವರುಣಾ ಕೆರೆಯಲ್ಲಿ ಎನ್‌ಸಿಸಿ ನೌಕಾ ವಿಭಾಗದ ಮಕ್ಕಳು ಹಾಯಿದೋಣಿ ನಡೆಸುವುದನ್ನು ನೋಡುತ್ತಾ ನಿಂತವರು ಕೇಳುವ ಪ್ರಶ್ನೆ ಒಂದೇ: ಅಣುಶಕ್ತಿಯ ಜಲಾಂತರ್ಗಾಮಿಗಳಿರುವ ನೌಕಾಪಡೆಗೆ ಈ ಬಟ್ಟೆ, ಹಗ್ಗದ ವಿದ್ಯೆ ಏಕೆ?

2025ರ ಮೇ ತಿಂಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಗೋಜಲಾಯಿತು. 17ರಂದು ಮೆಕ್ಸಿಕೊ ನೌಕಾಪಡೆಯ ತರಬೇತಿ ಹಾಯಿಹಡಗು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ಬಡಿದು, ಹಾಯಿ ಕಟ್ಟುವ ಕೂವೆಮರಗಳು ಮುರಿದು, ಇಬ್ಬರು ಪ್ರಾಣ ಕಳೆದುಕೊಂಡರು. ನಾಲ್ಕೇ ದಿನಗಳಲ್ಲಿ ನಮ್ಮ ಕಾರವಾರದಲ್ಲಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಹಾಯಿಹಡಗು ಭಾರತೀಯ ನೌಕಾಪಡೆಯನ್ನು ಸೇರಿತು. ಒಂದೇ ವಾರದ ಈ ಎರಡು ಸುದ್ದಿಗಳನ್ನು ಓದಿದವರು ಯಾವುದನ್ನು ನಂಬಬೇಕು?

ವಾದ ಹಳೆಯದು. 1878ರಲ್ಲಿ ಬ್ರಿಟನ್ನಿನ ತರಬೇತಿ ಹಡಗು ಯೂರಿಡೈಸ್ ತವರು ದಡದ ಸಮೀಪದಲ್ಲೇ ಹಿಮಗಾಳಿಗೆ ಸಿಕ್ಕಿ ಮುಳುಗಿತು. ಮುನ್ನೂರಕ್ಕೂ ಹೆಚ್ಚು ಜನರಲ್ಲಿ ಇಬ್ಬರು ಉಳಿದರು. ಎರಡು ವರ್ಷದ ನಂತರ ಅಟಲಾಂಟ ಎಂಬ ಇನ್ನೊಂದು ಹಡಗು 281 ಜನರೊಡನೆ ಕಣ್ಮರೆಯಾಯಿತು. ಶತಮಾನ ಮುಗಿಯುವ ಹೊತ್ತಿಗೆ ಬ್ರಿಟಿಷರು ಹಾಯಿ ತರಬೇತಿಯನ್ನು ಕೈಬಿಟ್ಟರು. ಜರ್ಮನರು ಬಿಡಲಿಲ್ಲ. 1932ರಲ್ಲಿ ಅವರ ತರಬೇತಿ ಹಡಗು ನಿಯೋಬೆ ಮುಳುಗಿ 69 ಜನ ಸತ್ತರು. ಮರುವರ್ಷವೇ ಹೊಸ ಹಾಯಿಹಡಗು ಕಟ್ಟಿದರು. 1957ರಲ್ಲಿ ಪಾಮೀರ್ ಎಂಬ ಹಡಗು ಚಂಡಮಾರುತದಲ್ಲಿ ಮುಳುಗಿ 86 ಜನರಲ್ಲಿ ಆರು ಮಂದಿ ಬದುಕಿದರು. ಮರುವರ್ಷ ಇನ್ನೊಂದನ್ನು ನೀರಿಗಿಳಿಸಿದರು.

ಪ್ರತಿ ಸಲವೂ ದೂರು ಹಾಯಿಯ ಮೇಲೆ ಬಂತು. ಆದರೆ ಯೂರಿಡೈಸ್‌ನಲ್ಲಿ ತೋಪಿನ ಕಿಂಡಿಗಳು ತೆರೆದೇ ಇದ್ದವು, ಅವುಗಳಿಂದ ನೀರು ಒಳನುಗ್ಗಿತು. ನಿಯೋಬೆಯಲ್ಲೂ ಕಿಂಡಿಗಳು ತೆರೆದಿದ್ದವು. ಪಾಮೀರ್‌ನಲ್ಲಿ ಸಡಿಲವಾಗಿ ತುಂಬಿದ್ದ ಬಾರ್ಲಿ ಒಂದು ಬದಿಗೆ ಜರುಗಿತು. ನ್ಯೂಯಾರ್ಕಿನಲ್ಲಿ ಹಾಯಿಗಳೆಲ್ಲ ಮಡಚಿಯೇ ಇದ್ದವು. ಹಡಗು ಹಿಮ್ಮುಖವಾಗಿ ಸೇತುವೆಯತ್ತ ಸರಿದಿತ್ತು.

ಭಾರತದ ಕಥೆ ಬೇರೆಯದು, ಮತ್ತು ನನಗೆ ಹೆಚ್ಚು ಆಪ್ತವಾದದ್ದು. 1980ರ ದಶಕದಲ್ಲಿ ನೌಕಾಪಡೆಗೆ ಒಂದು ಪುಟ್ಟ ತರಬೇತಿ ಹಾಯಿಹಡಗಿತ್ತು. ಅದರ ಹೆಸರು ವರುಣ. ನಮ್ಮ ಕೆರೆಯ ಹೆಸರೇ ಎಂದು ತಿಳಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ಆ ಬಳಿಕ ಗೋವಾ ಶಿಪ್‌ಯಾರ್ಡ್ ಕಟ್ಟಿದ ಐಎನ್‌ಎಸ್ ತರಂಗಿಣಿ 1997ರ ನವೆಂಬರ್ 11ರಂದು ಸೇವೆಗೆ ಸೇರಿತು. 54 ಮೀಟರ್ ಉದ್ದ, ಮೂರು ಕೂವೆಮರ, ಇಪ್ಪತ್ತು ಹಾಯಿ. 2003ರ ಜನವರಿಯಲ್ಲಿ ಕೊಚ್ಚಿಯಿಂದ ಹೊರಟು, ಸುಮಾರು 33,000 ನಾಟಿಕಲ್ ಮೈಲು ಸುತ್ತಿ, 2004ರ ಏಪ್ರಿಲ್‌ನಲ್ಲಿ ಮರಳಿತು. ಭೂಮಿಯನ್ನು ಸುತ್ತಿಬಂದ ಮೊದಲ ಭಾರತೀಯ ನೌಕಾ ಹಡಗು ಅದು. 2012ರಲ್ಲಿ ತಂಗಿ ಹಡಗು ಸುದರ್ಶಿನಿ ಜೊತೆಗೂಡಿತು.

ಅಲ್ಲಿ ಕೆಡೆಟ್ ಕಲಿಯುವುದೇನು? ಗಾಳಿ ಎದುರಿಗಿದ್ದರೆ ಹಾಯಿಹಡಗು ನೇರ ಹೋಗಲಾರದು. ಓರೆಯಾಗಿ ಸಾಗಿ, ಮಗ್ಗುಲು ಬದಲಿಸಿ, ಮತ್ತೆ ಓರೆಯಾಗಿ ಸಾಗಬೇಕು. ಪ್ರತಿ ತಿರುವಿಗೂ ಹತ್ತಾರು ಕೈಗಳು ಬೇರೆ ಬೇರೆ ಹಗ್ಗಗಳನ್ನು ಒಟ್ಟಿಗೆ ಎಳೆಯಬೇಕು, ಸಡಿಲಿಸಬೇಕು. ಕತ್ತಲಲ್ಲಿ, ಮಳೆಯಲ್ಲಿ ಯಾವ ಹಗ್ಗ ಎಲ್ಲಿ ಕಟ್ಟಿದೆ ಎಂದು ಕೈಯೇ ಹೇಳಬೇಕು. ಒಬ್ಬನು ಅವಸರಪಟ್ಟು ಹಗ್ಗ ಬಿಟ್ಟರೆ ಹಾಯಿ ಪಟಪಟನೆ ಬಡಿದು ಹಡಗು ನಿಂತೇಬಿಡುತ್ತದೆ. ತಪ್ಪು ಯಾರದೆಂದು ಎಲ್ಲರಿಗೂ ಅಲ್ಲೇ ಗೊತ್ತಾಗುತ್ತದೆ. ಎಂಜಿನ್ ಇರುವ ಹಡಗಿನಲ್ಲಿ ಹೊಸಬನ ತಪ್ಪು ಎಷ್ಟೋ ಹೊತ್ತು ಅಡಗಿರಬಲ್ಲದು. ಹಾಯಿ ತರಬೇತಿಯನ್ನು ಹಳೆಯ ಕಾಲದ ಹಂಬಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಖರ್ಚಿನ ಪ್ರಶ್ನೆ ನ್ಯಾಯವಾದದ್ದು. ಹಾಯಿ ಹರಿಯುತ್ತದೆ, ಹಗ್ಗ ಸವೆಯುತ್ತದೆ, ಕೂವೆಮರ ಏರುವವರ ಸೊಂಟದ ಪಟ್ಟಿಯನ್ನು ಮೇಲಿಂದ ಮೇಲೆ ಪರೀಕ್ಷಿಸಬೇಕು. ಈ ಕೆಲಸಗಳಿಗೆ ಉದ್ಘಾಟನೆಯ ಸಂಭ್ರಮವಿಲ್ಲ, ಹಾಗಾಗಿ ಹಣ ಕೇಳುವುದೂ ಕಷ್ಟ. ಆದರೂ ಕಿಂಡಿ ಮುಚ್ಚಿದೆಯೇ ಎಂದು ನೋಡುವ ಕಣ್ಣು ಇಲ್ಲೇ ಬೆಳೆಯಬೇಕು.

ಪಾಂಡವಪುರದ ನನ್ನ ತಂಗಿಯ ಮಗಳು ಕಬ್ಬಿನ ಗದ್ದೆಯ ನಡುವೆ ಬೆಳೆದವಳು. ಸಮುದ್ರವನ್ನು ಇನ್ನೂ ಕಂಡಿಲ್ಲ. ಕಳೆದ ವರ್ಷ ಹಾಯಿದೋಣಿ ಕಲಿಯಲು ಸೇರಿದಳು. ಮೊದಲ ದಿನ ಗಾಳಿಯ ಪಾಠವಿರುತ್ತದೆಂದು ನಾನು ಎಣಿಸಿದ್ದೆ. ದಡದಿಂದ ಇಪ್ಪತ್ತು ಮಾರು ದೂರ ಹೋಗಿ, ಲೈಫ್ ಜಾಕೆಟ್ ತೊಟ್ಟು, ದೋಣಿಯನ್ನು ಬೇಕೆಂದೇ ಮಗುಚಿಸಿದರು. ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ಅವಳಿಗೆ ಮೂರು ಸಲ ಹಿಡಿಯಿತು. ಹಾಯಿ ಬಿಚ್ಚಲು ಬಿಟ್ಟದ್ದು ಅದಾದ ಮೇಲೆ.