ಮಷಿನ್ ನಿಲ್ಲುವ ಮುಂಚೆ ಯಾಕೆ ನಡುಗುತ್ತದೆ?

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಅಟ್ಟ ಸೇರಿ ವರ್ಷಗಳಾದವು. ಕೊನೆಕೊಯ್ಲು ಶುರುವಾದರೆ ಜಗಲಿಯಲ್ಲಿ ಅಡಿಕೆ ಸುಲಿಯುವ ಮಷಿನ್ ರಾತ್ರಿ ಹನ್ನೊಂದರವರೆಗೂ ಗುರ್ ಎನ್ನುತ್ತಿರುತ್ತದೆ. ಓಡುವಾಗ ಅದರದ್ದೇನೂ ತಕರಾರಿಲ್ಲ. ಪಕ್ಕದಲ್ಲಿಟ್ಟ ಕಾಫಿ ಲೋಟದಲ್ಲಿ ಸಣ್ಣ ಉಂಗುರಗಳು ಏಳುತ್ತವೆ, ಅಷ್ಟೆ. ತಮಾಷೆ ಇರುವುದು ಸ್ವಿಚ್ ಆರಿಸಿದ ಮೇಲೆ. ವೇಗ ಇಳಿಯುತ್ತಾ ಬಂದು, ಇನ್ನೇನು ನಿಲ್ಲಬೇಕು ಅನ್ನುವಾಗ ಇಡೀ ಸ್ಟ್ಯಾಂಡು ಗಡಗಡ ನಡುಗುತ್ತದೆ. ಲೋಟ ಕುಣಿಯುತ್ತಾ ಅಂಚಿಗೆ ಬರುತ್ತದೆ. ಒಂದೆರಡು ಸೆಕೆಂಡು. ಆಮೇಲೆ ಎಲ್ಲ ತಣ್ಣಗೆ.

ಇದು ಉಲ್ಟಾ ಆಯಿತಲ್ವಾ? ಜೋರಾಗಿ ತಿರುಗುವಾಗಲೇ ಜಾಸ್ತಿ ನಡುಗಬೇಕಿತ್ತು.

ಮೊದಲು ನಡುಗಿಸುವವರು ಯಾರು ನೋಡೋಣ. ಮೋಟರ್ ನಿಮಿಷಕ್ಕೆ 1440 ಸುತ್ತು ಹಾಕುತ್ತದೆ, ಅಂದರೆ ಸೆಕೆಂಡಿಗೆ 24. ಪುಲ್ಲಿಯ ಅಂಚಿನಲ್ಲಿ, ನಡುವಿನಿಂದ 5 ಸೆಂ.ಮೀ. ದೂರದಲ್ಲಿ, ಅಡಿಕೆ ನಾರು, ಧೂಳು, ಗ್ರೀಸು ಸೇರಿ 20 ಗ್ರಾಂ ಜಿಡ್ಡು ಒಂದೇ ಕಡೆ ಕೂತಿದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಅದು ಸುಮಾರು 2.3 ಕೆ.ಜಿ. ಭಾರ ಜಗ್ಗಿದ ಹಾಗೆ ಪುಲ್ಲಿಯನ್ನು ಹೊರಕ್ಕೆ ಎಳೆಯುತ್ತದೆ. ಅದೂ ಸೆಕೆಂಡಿಗೆ 24 ಸಲ ದಿಕ್ಕು ಸುತ್ತುತ್ತಾ! ವೇಗ ಅರ್ಧವಾದರೆ ಈ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ ನಿಲ್ಲುವ ಹೊತ್ತಿಗೆ ಬಲ ಕಡಿಮೆ, ನಡುಕ ಮಾತ್ರ ಜಾಸ್ತಿ.

ಉತ್ತರ ತೋಟದಲ್ಲೇ ಇದೆ. ಅಡಿಕೆ ಕೊಯ್ಯುವ ಕೊನೆಗಾರ ಒಂದು ಮರದ ತುದಿಯಿಂದ ಪಕ್ಕದ ಮರಕ್ಕೆ ದಾಟುವುದನ್ನು ನೋಡಿ. ಅವನು ಬಲ ಹಾಕಿ ಜಗ್ಗುವುದಿಲ್ಲ. ಮೈಯನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸುತ್ತಾನೆ. ಮರ ಮೊದಲು ಗೇಣುದ್ದ ತೂಗುತ್ತದೆ, ಆಮೇಲೆ ಮೊಳದುದ್ದ. ನೋಡನೋಡುತ್ತಲೇ ಪಕ್ಕದ ಮರ ಕೈಗೆ ಸಿಗುತ್ತದೆ. ಅವಸರಪಟ್ಟು ಎರಡು ಪಟ್ಟು ಬೇಗ ಅಲ್ಲಾಡಿಸಿದರೆ ಮರ ಸುಮ್ನೆ ನಿಂತಲ್ಲೇ ನಡುಗುತ್ತದೆ, ತೂಗುವುದಿಲ್ಲ. ಮರಕ್ಕೆ ಅದರದ್ದೇ ಒಂದು ತಾಳ ಇದೆ. ಪಾಠದ ಪುಸ್ತಕದಲ್ಲಿ ಅದಕ್ಕೆ ಸಹಜ ಆವರ್ತನ ಅನ್ನುತ್ತಾರೆ. ಆ ತಾಳಕ್ಕೆ ಸರಿಯಾಗಿ ತಳ್ಳಿದರೆ ಪ್ರತಿ ತಳ್ಳಿಕೆಯೂ ಹಿಂದಿನದಕ್ಕೆ ಕೂಡುತ್ತಾ ಹೋಗುತ್ತದೆ. ಅದು ಅನುರಣನೆ.

ತಾಳವನ್ನು ತೀರ್ಮಾನಿಸುವುದು ಎರಡೇ ಸಂಗತಿ: ವಸ್ತು ಎಷ್ಟು ಬಿಗಿ, ಎಷ್ಟು ಭಾರ. ಬಿಗಿ ಹೆಚ್ಚಿದರೆ ತಾಳ ಚುರುಕು, ಭಾರ ಹೆಚ್ಚಿದರೆ ನಿಧಾನ. ಆದರೆ ಇದು ವರ್ಗಮೂಲದ ಲೆಕ್ಕ. ತಾಳ ಎರಡು ಪಟ್ಟಾಗಬೇಕಾದರೆ ಬಿಗಿ ನಾಲ್ಕು ಪಟ್ಟಾಗಬೇಕು. ಅಷ್ಟೇ ದಪ್ಪದ ಮರ ಎರಡು ಪಟ್ಟು ಎತ್ತರವಿದ್ದರೆ ಅದರ ಬಿಗಿ ಎಂಟರಲ್ಲೊಂದು ಪಾಲು. ತುದಿಯಲ್ಲಿ ಅದೇ ಕೊನೆಗಾರ ಕೂತರೆ ತಾಳ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಳೇ ತೋಟದ ಉದ್ದ ಮರಗಳು ಅಷ್ಟು ಸಾವಕಾಶವಾಗಿ ತೂಗುವುದು ಅದಕ್ಕೇ.

ನಮ್ಮ ಕಬ್ಬಿಣದ ಸ್ಟ್ಯಾಂಡಿನ ತಾಳ ಸೆಕೆಂಡಿಗೆ 12ರ ಆಸುಪಾಸು ಇದ್ದಿರಬೇಕು. 24ರಲ್ಲಿ ಓಡುವ ಮೋಟರ್ ನಿಲ್ಲುವಾಗ 12ನ್ನು ದಾಟಿಯೇ ಬರಬೇಕು. ದಾಟುವ ಆ ಗಳಿಗೆಯಲ್ಲೇ ಲೋಟ ಕುಣಿಯುವುದು.

ಇದೆಲ್ಲ ತಿಳಿಯುವ ಮೊದಲು ನಾವು ಒಂದು ಎಡವಟ್ಟು ಮಾಡಿದ್ದೆವು. 'ಸ್ಟ್ಯಾಂಡು ಲಡ್ಡು, ಗಟ್ಟಿಯಾಗಲು ಕಬ್ಬಿಣದ ಆ್ಯಂಗಲ್ ಹೊಡೆಸಿ' ಅಂದರು ಒಬ್ಬರು. ಹೊಡೆಸಿದೆವು. ಅವತ್ತಿನಿಂದ ಮಷಿನ್ ಓಡುವಷ್ಟು ಹೊತ್ತೂ ನಡುಗತೊಡಗಿತು! ಬಿಗಿ ಏರಿ, ಸ್ಟ್ಯಾಂಡಿನ ತಾಳ 24ರ ಪಕ್ಕಕ್ಕೇ ಹೋಗಿ ಕೂತಿತ್ತು. ಗಟ್ಟಿ ಮಾಡಿದರೆ ನಡುಕ ನಿಲ್ಲುತ್ತದೆ ಅನ್ನುವುದು ಅರ್ಧ ಸತ್ಯ. ಗಟ್ಟಿ ಮಾಡುವುದಾದರೆ 24ನ್ನು ಎಷ್ಟೋ ಮೀರುವಷ್ಟು ಮಾಡಬೇಕು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ತಿರುಗುವ ಶಾಫ್ಟು ತನ್ನ ತಾಳಕ್ಕಿಂತ ಮೇಲಿನ ವೇಗದಲ್ಲಿ ಓಡಲಾರದು ಎಂದು ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ 1869ರಲ್ಲಿ ಬರೆದಿದ್ದರು. ಸ್ವೀಡನ್ನಿನ ಡಿ ಲಾವಲ್ ತನ್ನ ಉಗಿ ಟರ್ಬೈನಿಗೆ ಬೇಕೆಂದೇ ತೆಳ್ಳಗಿನ, ಬಾಗುವ ಶಾಫ್ಟು ಹಾಕಿ ಅದನ್ನು ಸುಳ್ಳು ಮಾಡಿದ. ಅವನ ಟರ್ಬೈನುಗಳು ನಿಮಿಷಕ್ಕೆ 30,000 ಸುತ್ತಿನವರೆಗೂ ಹೋದವು. ಆ ಗಂಡಾಂತರದ ವೇಗವನ್ನು ಬೇಗ ದಾಟಿಬಿಟ್ಟರೆ ಚಕ್ರ ತನ್ನ ಭಾರದ ನಡುವನ್ನು ತಾನೇ ಹಿಡಿದುಕೊಂಡು ನೆಮ್ಮದಿಯಾಗಿ ತಿರುಗುತ್ತದೆ. ಯಾಕೆ ಅನ್ನುವುದನ್ನು ಎಂಜಿನಿಯರ್ ಜೆಫ್‌ಕಾಟ್ 1919ರಲ್ಲಿ ಲೆಕ್ಕ ಮಾಡಿ ತೋರಿಸಿದರು.

ಜಲವಿದ್ಯುತ್ತಿನವರು ಸಾಮಾನ್ಯವಾಗಿ ಇದಕ್ಕೆ ಪೂರಾ ಉಲ್ಟಾ ದಾರಿ ಹಿಡಿಯುತ್ತಾರೆ. ನಮ್ಮ ಶರಾವತಿ ವಿದ್ಯುದಾಗಾರದಲ್ಲಿ 10 ಯೂನಿಟ್ ಸೇರಿ 1035 ಮೆಗಾವ್ಯಾಟ್. ಇಂಥ ಕಡೆ ಲೈನ್ ಟ್ರಿಪ್ ಆಗಿ, ಚಕ್ರವನ್ನು ತಡೆದು ಹಿಡಿದಿದ್ದ ವಿದ್ಯುತ್ತಿನ ಲೋಡ್ ತಪ್ಪಿತು, ನೀರು ಕಟ್ಟುವುದೂ ತಡವಾಯಿತು ಅಂದರೆ ಚಕ್ರದ ವೇಗ ಎರಡು ಪಟ್ಟಿನ ಹತ್ತಿರಕ್ಕೆ ಏರಬಹುದು. ಅದಕ್ಕೇ ಶಾಫ್ಟಿನ ತಾಳವನ್ನು ಆ ವೇಗಕ್ಕಿಂತಲೂ ಮೇಲೆ ಇಟ್ಟಿರುತ್ತಾರೆ.

ನಾವು ಆ್ಯಂಗಲ್ ಕೊಯ್ಯಿಸಿ ತೆಗೆದು, ಪುಲ್ಲಿಯ ಜಿಡ್ಡು ಕೆರೆದು, ನಾಲ್ಕು ಕಾಲಿಗೂ ರಬ್ಬರ್ ಮೌಂಟ್ ಕೊಟ್ಟೆವು. ಮಷಿನ್ನಿನ ಭಾರಕ್ಕೆ ಮೌಂಟ್ ಎಷ್ಟು ತಗ್ಗುತ್ತದೆ ಅಂತ ಅಳೆದರೆ ಅದರ ತಾಳವೂ ಸಿಗುತ್ತದೆ. 4 ಮಿ.ಮೀ. ತಗ್ಗಿದರೆ ಸೆಕೆಂಡಿಗೆ ಸುಮಾರು 8. ರಬ್ಬರಿಗೆ ಈ ಲೆಕ್ಕ ಒರಟು, ಆದರೂ ಅಂದಾಜಿಗೆ ಸಾಕು. 24ಕ್ಕೆ 8 ಅಂದರೆ ಮೂರು ಪಟ್ಟು ದೂರ; ನೆಲಕ್ಕೆ ಹೋಗುವ ಬಲ ಎಂಟರಲ್ಲೊಂದು ಪಾಲಿನಷ್ಟಾಗುತ್ತದೆ.

ರಬ್ಬರಿನ ಇನ್ನೊಂದು ಗುಣ, ಅದು ನಡುಕವನ್ನು ನುಂಗಿ ಶಾಖ ಮಾಡಿಬಿಡುತ್ತದೆ. ಇದು ಡ್ಯಾಂಪಿಂಗ್. ಸ್ಟೀಲ್ ಲೋಟಕ್ಕೆ ಬಡಿದರೆ ಠಣ್ ಅಂತ ಎಷ್ಟೋ ಹೊತ್ತು ಗುನುಗುತ್ತದೆ, ಬೆರಳು ಮುಟ್ಟಿಸಿದರೆ ಟಪ್ಪಂತ ನಿಲ್ಲುತ್ತದಲ್ಲ, ಹಾಗೆ. ತಾಳ ಕೂಡಿದಾಗ ನಡುಕ ಎಷ್ಟು ಎತ್ತರಕ್ಕೆ ಏರಬೇಕು ಅನ್ನುವುದು ಇದರ ಕೈಯಲ್ಲಿದೆ. ಹಾಗಂತ ಅತಿಯಾದರೆ ಓಡುವ ವೇಗದಲ್ಲಿ ನೆಲಕ್ಕೆ ಹೋಗುವ ಬಲ ಸ್ವಲ್ಪ ಜಾಸ್ತಿಯೇ ಆಗುತ್ತದೆ.

ಈಗಲೂ ನಿಲ್ಲುವ ಮುಂಚೆ ಮಷಿನ್ ಒಂದು ಸಲ ಮೈ ಕೊಡವುತ್ತದೆ. 8ನ್ನು ದಾಟಲೇಬೇಕಲ್ಲ. ಅಮ್ಮ ಮಾತ್ರ ಸ್ವಿಚ್ ಕಡೆ ಯಾರ ಕೈ ಹೋದರೂ ಮೊದಲು ಕಾಫಿ ಲೋಟ ಎತ್ತಿಕೊಳ್ಳುತ್ತಾರೆ.