ದಾರ ಸಡಿಲವಾದ ಆ ಎರಡು ಕ್ಷಣ

ಗಾಳಿಪಟ ಹಾರಿಸಿದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಪಟ ಬಿಗಿಯಾಗಿ ಎಳೆಯುತ್ತಿರುತ್ತದೆ. ಸುಮ್ನೆ ನಾಲ್ಕು ಹೆಜ್ಜೆ ಅದರ ಕಡೆಗೆ ಓಡಿ ನೋಡಿ. ದಾರ ಜೋಲುತ್ತದೆ, ಪಟ ತಲೆ ಅಲ್ಲಾಡಿಸಿ ಗೋತಾ ಹೊಡೆಯುತ್ತದೆ. ಅಲೆಗಳಲ್ಲಿ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಲ್ಲಿ ನೀರಿನ ಮೇಲೆ ಜಾರುವ ಆಟ) ಮಾಡುವವರು ಹೆಚ್ಚುಕಡಿಮೆ ಪ್ರತಿ ಅಲೆಯಲ್ಲೂ ಮಾಡುವುದು ಇದನ್ನೇ. ಬೋರ್ಡ್ ಮೇಲೆ ನಿಂತು, ಅಲೆಯ ಇಳಿಜಾರಿನಲ್ಲಿ ಜಾರುತ್ತಾ, ಪಟದ ಕಡೆಗೇ ಹೋಗುತ್ತಾರೆ. ಪಟ ಬಿದ್ದರೆ ಕೆಳಗೆ ಕಾಯುತ್ತಿರುವುದು ಮುರಿದು ಬೀಳುವ ಅಲೆ.

ಪಟ ಎಷ್ಟು ಗಟ್ಟಿ, ಯಾವ ಬಟ್ಟೆ, ಎಷ್ಟು ವರ್ಷ ಬಾಳುತ್ತದೆ ಎಂದು ಜನ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ದಾರದ ಬಗ್ಗೆ.

ಈ ಪಟಕ್ಕೆ ಸಾಮಾನ್ಯವಾಗಿ ನಾಲ್ಕು ದಾರ. ಒಂದೊಂದೂ 20ರಿಂದ 24 ಮೀಟರ್. ಮುಂದಿನ ಎರಡು ದಾರಗಳು ಸವಾರನ ಸೊಂಟಕ್ಕೆ ಕಟ್ಟಿದ ಪಟ್ಟಿಗೆ, ಅಂದರೆ ಹಾರ್ನೆಸ್‌ಗೆ ಸೇರುತ್ತವೆ, ಎಳೆತದ ಬಹುಪಾಲು ಅವುಗಳ ಮೇಲೆ. ಹಿಂದಿನ ಎರಡು, ಕೈಯಲ್ಲಿ ಹಿಡಿಯುವ ಕೋಲಿನ, ಅಂದರೆ ಬಾರ್‌ನ ಎರಡು ತುದಿಗೆ. ಪಟವನ್ನು ತಿರುಗಿಸುವುದು ಇವು.

ಈಗ ಒಂದು ಸಣ್ಣ ಲೆಕ್ಕ. ಗಾಳಿ ಸೆಕೆಂಡಿಗೆ 9 ಮೀಟರ್ ಬೀಸುತ್ತಿದೆ ಅನ್ನೋಣ. 2 ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 4.4 ಮೀಟರ್ ಸಾಗುತ್ತದೆ. ಸವಾರ ಅದರ ಮೇಲೆ ಓರೆಯಾಗಿ ಜಾರುವುದರಿಂದ ಅವನ ವೇಗ ಇನ್ನೂ ಜಾಸ್ತಿ. ಅವನು ಪಟದ ಕಡೆಗೆ ಸೆಕೆಂಡಿಗೆ 6 ಮೀಟರ್ ಹೋದ ಎಂದಿಟ್ಟುಕೊಳ್ಳಿ. ದಾರ ಸಡಿಲವಾಗಬಾರದು ಎಂದರೆ ಪಟವೂ ಅಷ್ಟೇ ವೇಗದಲ್ಲಿ ಗಾಳಿಯ ಜೊತೆ ಹಿಂದಕ್ಕೆ ಸರಿಯಬೇಕು. ಹಾಗೆ ಸರಿಯುವಾಗ ಅದಕ್ಕೆ ತಾಕುವ ಗಾಳಿ ಬರೀ 3 ಮೀಟರ್. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಮೂರರಲ್ಲೊಂದಾದರೆ ಬಲ ಒಂಬತ್ತರಲ್ಲೊಂದು! 9 ಚದರ ಮೀಟರ್ ಪಟಕ್ಕೆ ಆಗ ಸಿಗುವ ಎತ್ತುವ ಬಲ ಅಂದಾಜು 5 ಕೆಜಿ. ಪಟದ ತೂಕವೇ ಸುಮಾರು 3 ಕೆಜಿ. ಅಲೆ ಇನ್ನೊಂದಿಷ್ಟು ವೇಗವಾಗಿ ತಳ್ಳಿ, ತಾಕುವ ಗಾಳಿ 2 ಮೀಟರ್‌ಗೆ ಇಳಿದರೆ ಆ ಬಲ ಸುಮಾರು 2 ಕೆಜಿಗೆ ಬರುತ್ತದೆ. ಅಷ್ಟೇ, ಪಟ ಬಿತ್ತು.

ಅಲೆಗೆಂದೇ ಮಾಡಿದ ಪಟಗಳು ಹಗುರ ಯಾಕಿರುತ್ತವೆ ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ಪಟಕ್ಕೆ ಆಕಾರ ಕೊಡುವ, ಗಾಳಿ ತುಂಬಿದ ಅಡ್ಡ ಕೊಳವೆಗಳು ಐದರ ಬದಲು ಮೂರೇ, ಕೆಲವದರಲ್ಲಿ ಒಂದೂ ಇಲ್ಲ. ಗಟ್ಟಿ ಮಾಡಲು ಹೋಗಿ ತೂಕ ಹೆಚ್ಚಿಸಿದರೆ ಪಟ ಹೆಚ್ಚು ಸಲ ಬೀಳುತ್ತದೆ. ಹೆಚ್ಚು ಸಲ ಬಿದ್ದ ಪಟ ಬೇಗ ಹರಿಯುತ್ತದೆ.

ಇನ್ನು ದಾರದ ಉದ್ದ. ಗಿಡ್ಡ ದಾರದಲ್ಲಿ ಪಟ ಸಣ್ಣ ಸುತ್ತು ಹೊಡೆಯುತ್ತದೆ. ಬಾರ್ ಎಳೆದ ತಕ್ಷಣ ಉತ್ತರ ಕೊಡುತ್ತದೆ, ಜೋಲು ಬಿದ್ದ ದಾರ ಬೇಗ ಬಿಗಿಯಾಗುತ್ತದೆ. ಉದ್ದ ದಾರದಲ್ಲಿ ಪಟ ಓಡಾಡಲು ಜಾಗ ಜಾಸ್ತಿ, ಒಂದು ಸಲ ಬೀಸಿದರೆ ಸಿಗುವ ಎಳೆತವೂ ಜಾಸ್ತಿ. ಕಡಿಮೆ ಗಾಳಿಯಲ್ಲಿ ಅದು ಬೇಕು. ಬಲವಾದ ಗಾಳಿ, ದೊಡ್ಡ ಅಲೆ ಇದ್ದರೆ ನನ್ನ ಓಟು 20 ಮೀಟರ್‌ಗೆ.

ದಾರವೂ ಗಾಳಿಯನ್ನು ತಡೆಯುತ್ತದೆ ಎನ್ನುವುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. 22 ಮೀಟರಿನ ನಾಲ್ಕು ದಾರ ಸೇರಿ 88 ಮೀಟರ್. ದಪ್ಪ ಒಂದೂವರೆ ಮಿಲಿಮೀಟರ್ ಎಂದರೆ ಗಾಳಿಗೆ ಅಡ್ಡ ನಿಲ್ಲುವ ಒಟ್ಟು ಜಾಗ ಎರಡು ಎ4 ಹಾಳೆಗಳಷ್ಟು. ಈ ತಡೆಯಿಂದಲೇ ದಾರ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ದಾರವನ್ನು ಎಳೆದರೆ ಮೊದಲು ಬಾಗು ನೆಟ್ಟಗಾಗಬೇಕು, ಆಮೇಲೆ ಪಟಕ್ಕೆ ಸುದ್ದಿ ಮುಟ್ಟಬೇಕು.

ಮುಂದಿನ ಎರಡು ದಾರಗಳು ಎಲ್ಲಿ ಕವಲೊಡೆಯಬೇಕು ಎನ್ನುವುದು ಇನ್ನೊಂದು ಚರ್ಚೆ. ಬಾರ್ ಹತ್ತಿರವೇ ಕವಲಾದರೆ ಎರಡೂ ಹೆಚ್ಚುಕಡಿಮೆ ಸಮಾನಾಂತರವಾಗಿ ಹೋಗುತ್ತವೆ. ಹಲವು ಮೀಟರ್ ಮೇಲೆ ಕವಲಾದರೆ ಕೋನ ಅಗಲವಾಗಿ, ಪಟದ ಎರಡು ತುದಿಗಳನ್ನು ಸ್ವಲ್ಪ ಒಳಕ್ಕೆ ಎಳೆಯುತ್ತವೆ. ಪಟದ ವಿನ್ಯಾಸಕಾರರು ಯಾವುದನ್ನು ಹೇಳಿದ್ದಾರೋ ಅದನ್ನು ಬಳಸುವುದು ಒಳ್ಳೆಯದು. ಕೆಲವು ಪಟಗಳಿಗಿರುವ ಐದನೇ ದಾರದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ: ಅಲೆಯಲ್ಲಿ ಅದು ಬೇಡ. ಅದು ಮುಂದಿನ ಅಂಚಿನ ನಡುವಿಗೆ ಹೋಗುತ್ತದೆ. ನೊರೆಯಲ್ಲಿ ಪಟ ಉರುಳಿದಾಗ ಅದರ ಹೊಟ್ಟೆಗೇ ಸುತ್ತಿಕೊಂಡು, ಎಳೆತ ಬಿದ್ದರೆ ಬಟ್ಟೆಯನ್ನು ಕೊಯ್ಯುತ್ತದೆ.

ಕೊಯ್ಯುವಷ್ಟು ಗಟ್ಟಿ ಯಾಕೆ? ದಾರಕ್ಕೆ ಬಳಸುವ ಡೈನೀಮಾ ಎನ್ನುವ ನೂಲು ಪಾಲಿಎಥಿಲೀನ್. ಪ್ಲಾಸ್ಟಿಕ್ ಚೀಲದ ಹತ್ತಿರದ ಸಂಬಂಧಿಯೇ. ಆದರೆ ಇದರ ಅಣುಸರಪಳಿಗಳು ತುಂಬಾ ಉದ್ದ, ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಹಲವು ಪಟ್ಟು ಬಲ. ನೀರಿನ ಮೇಲೆ ತೇಲುತ್ತದೆ. ನುಣುಪಾಗಿರುವುದರಿಂದ ದಾರಗಳು ಎರಡು ಮೂರು ಸುತ್ತು ಹೆಣೆದುಕೊಂಡರೂ ಒಂದರ ಮೇಲೊಂದು ಜಾರುತ್ತವೆ. ಶತ್ರು ಎಂದರೆ ಬಿಸಿ. ಸುಮಾರು 145 ಡಿಗ್ರಿಗೆ ಕರಗಿಬಿಡುತ್ತದೆ. ಇಬ್ಬರ ದಾರ ಸಿಕ್ಕಿಕೊಂಡು ಒಂದೇ ಜಾಗದಲ್ಲಿ ಗರಗಸದಂತೆ ಉಜ್ಜಿದರೆ ಆ ಬಿಸಿಗೆ ಕಡಿದುಹೋಗುತ್ತದೆ. ಗಂಟೂ ಅಷ್ಟೇ ಕೆಟ್ಟದ್ದು. ನಡುವೆ ಬಿದ್ದ ಒಂದು ಪುಟ್ಟ ಗಂಟು ಬಲವನ್ನು ಅರ್ಧಕ್ಕೆ ಇಳಿಸಬಲ್ಲದು. ಕಂಡ ತಕ್ಷಣ ಬಿಡಿಸಿಬಿಡಿ, ಒಂದು ಸಲ ಬಿಗಿಯಾಯಿತೆಂದರೆ ಆಯಿತು.

ಜೊತೆಗೆ ಈ ನೂಲು ಭಾರಕ್ಕೆ ನಿಧಾನವಾಗಿ ಹಿಗ್ಗುತ್ತದೆ. ಮುಂದಿನ ದಾರಗಳ ಮೇಲೆ ಭಾರ ಜಾಸ್ತಿ, ಹಾಗಾಗಿ ಅವೇ ಮೊದಲು ಉದ್ದವಾಗುತ್ತವೆ. ಆಗ ಹಿಂದಿನ ದಾರಗಳು ಯಾವಾಗಲೂ ಸ್ವಲ್ಪ ಎಳೆದಂತೆಯೇ ಇರುತ್ತವೆ. ಪಟ ಬ್ರೇಕ್ ಹಿಡಿದುಕೊಂಡೇ ಹಾರಿದ ಹಾಗೆ. ಗಾಳಿ ಕಮ್ಮಿಯಾದ ಆ ಎರಡು ಕ್ಷಣದಲ್ಲಿ ಅದು ಹಿಂದಕ್ಕೆ ಜಾರಿ ಬೀಳುತ್ತದೆ. ಪಟ ಹಳತಾಯಿತು ಎಂದು ಬೈಯುವ ಮೊದಲು ನಾಲ್ಕೂ ದಾರಗಳನ್ನು ಒಂದು ಕಂಬಕ್ಕೆ ಸಿಕ್ಕಿಸಿ, ಎಳೆದು, ಉದ್ದ ಸಮ ಇದೆಯಾ ನೋಡಿ.

ಸರಿ, ಇಷ್ಟೆಲ್ಲ ಮಾಡಿಯೂ ಪಟ ಬಿತ್ತು ಅನ್ನೋಣ. ಗಾಳಿ ತುಂಬಿದ ಕೊಳವೆಗಳ ಈ ಪಟಕ್ಕೆ ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು, ನೀರಿಗೆ ಬಿದ್ದರೂ ಮತ್ತೆ ಏಳಲಿ ಎಂದೇ. ಶಾಂತ ನೀರಿನಲ್ಲಿ ಏಳುತ್ತದೆ ಕೂಡ. ಮುರಿಯುವ ಅಲೆಯಲ್ಲಿ ಕತೆ ಬೇರೆ. ಸೆಕೆಂಡಿಗೆ 9 ಮೀಟರ್ ಗಾಳಿ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 5 ಕೆಜಿ ಭಾರದಷ್ಟು ಒತ್ತುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಬರೀ 5 ಮೀಟರ್ ವೇಗದ ನೀರು ಅದೇ ಬಟ್ಟೆಯನ್ನು ಟನ್ನಿಗಿಂತ ಹೆಚ್ಚು ಭಾರದಷ್ಟು ಒತ್ತಬಲ್ಲದು. ಚದರ ಮೀಟರಿಗೆ 50 ಗ್ರಾಂ ಆಸುಪಾಸು ತೂಗುವ ಬಟ್ಟೆ ಅದು! ಹೊಲಿಗೆ ಬಿಚ್ಚುತ್ತದೆ, ಮುಂದಿನ ಕೊಳವೆ ಮಡಚಿಕೊಂಡು ಒಡೆಯುತ್ತದೆ.

ಆದರೆ ಈ ಲೆಕ್ಕ ಪಟ ಅಲ್ಲೇ ನಿಂತಿದ್ದರೆ ಮಾತ್ರ ಸರಿ. ನೀರಿನ ಜೊತೆಗೇ ಸರಿದರೆ ಒತ್ತಡ ಬೀಳುವುದೇ ಇಲ್ಲ. ಪಟವನ್ನು ನಿಲ್ಲಿಸುವುದು ಯಾವುದು? ಲಂಗರಿನಂತೆ ದಾರದ ಇನ್ನೊಂದು ತುದಿಗೆ ತೂಗುತ್ತಿರುವ ನಮ್ಮ ಮೈ. ಆಕಾಶದಲ್ಲಿ ಪಟವನ್ನು ಕಾಪಾಡಿದ ಬಿಗಿ ದಾರವೇ ನೀರಿನಲ್ಲಿ ಅದನ್ನು ಹರಿಯುತ್ತದೆ. ಅದಕ್ಕೇ ಅಲೆ ಬರುವ ಮೊದಲೇ ಸುರಕ್ಷಾ ಬಿಡುಗಡೆಯನ್ನು (ಪಟದ ಎಳೆತವನ್ನು ತಕ್ಷಣ ಬಿಡಿಸುವ ಕೊಂಡಿ) ತಳ್ಳಬೇಕು. ಆಗ ಮೂರು ದಾರ ಜೋಲಿ, ಮುಂದಿನ ಒಂದೇ ದಾರಕ್ಕೆ ಪಟ ಬಾವುಟದಂತೆ ಅಂಟಿಕೊಂಡಿರುತ್ತದೆ. ಅಲೆ ಇನ್ನೂ ದೊಡ್ಡದಾಗಿದ್ದು, ಪಟ ಹೋಗುವ ದಿಕ್ಕಿನಲ್ಲಿ ಯಾರೂ ಇಲ್ಲದಿದ್ದರೆ, ಆ ಒಂದನ್ನೂ ಬಿಟ್ಟುಬಿಡುವುದೇ ಜಾಣತನ. ಪಟ ತಾನಾಗಿ ತೇಲಿ ದಡ ಸೇರುತ್ತದೆ. ನಾವು ಈಜಿಕೊಂಡು ಹಿಂದೆ ಹೋಗಬೇಕು, ಅಷ್ಟೇ.